ಕುಂದಾಪುರದ ಚಟ್ಲಿ ಕೆರೆಯಲ್ಲಿ ಟರ್ಬಟ್ ಬೆಳೆಯುತ್ತಾ?

ಪ್ರಶ್ನೆ: ಮೇಡಂ, ಕುಂದಾಪುರದ ಹತ್ತಿರ ಹೊಳೆಬದಿಯಲ್ಲಿ ನಮಗೆ ಒಂದೂವರೆ ಎಕರೆ ಚಟ್ಲಿ (ಸಿಗಡಿ) ಕೆರೆ ಇದೆ. ಎರಡು ಬೆಳೆ ಸಾಲಾಗಿ ಬಿಳಿ ಚುಕ್ಕೆ ರೋಗಕ್ಕೆ ಹೋಯಿತು. ಸಾಲ ಉಳಿದಿದೆ. ಈಗ ಒಬ್ಬ ಏಜೆಂಟ್ ಬಂದು ‘ಇಂಡಿಯನ್ ಟರ್ಬಟ್’ ಸಾಕಿ ಅಂತಿದ್ದಾನೆ. ಮರಿ ಅವನೇ ಕೊಡುತ್ತಾನಂತೆ, ಬೆಳೆದ ಮೀನನ್ನು ಅವನೇ ಕೊಳ್ಳುತ್ತಾನಂತೆ. ಮುಂಗಡ ನಾಲ್ಕು ಲಕ್ಷ. ದುಬೈಯ ಹೋಟೆಲಿನಲ್ಲಿ ಅಡುಗೆ ಮಾಡುವ ನನ್ನ ಭಾವ ಕೂಡ ಟರ್ಬಟ್‌ಗೆ ಭಾರೀ ಬೆಲೆ ಇರೋದು ನಿಜ ಅಂದರು. ಫೋಟೋದಲ್ಲಿ ಮೀನು ನಮ್ಮ ನಂಗ್ ಹಾಗೇ ಚಪ್ಪಟೆ, ಎರಡೂ ಕಣ್ಣು ಒಂದೇ ಕಡೆ. ‘ನಂಗಿನ ಜಾತಿಯೇ, ನಿಮ್ಮ ನೀರಿನಲ್ಲಿ ಬೆಳೆದೇ ಬೆಳೆಯುತ್ತೆ’ ಅನ್ನುತ್ತಾನೆ ಏಜೆಂಟ್. ನನ್ನ ಹೆಂಡತಿ ಘಟ್ಟದ ಮೇಲಿನವಳು. ಅವಳು ‘ಕಣ್ಣು ಹಾಗೆ ತಿರುಗೋದು ಹೊಲಸು ನೀರಿನಿಂದ, ಅಂಥದ್ದು ಬೇಡ’ ಅಂತಿದ್ದಾಳೆ. ಸಾಕಿದ ಟರ್ಬಟ್‌ಗೆ ಔಷಧಿ ಜಾಸ್ತಿ ಹಾಕುತ್ತಾರೆ ಅಂತಲೂ ಕೇಳಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ನಾಲ್ಕು ಲಕ್ಷದ ಮಾತು ಮುಗಿಸಿಬಿಡೋಣ. ಆ ದುಡ್ಡು ದಯವಿಟ್ಟು ಕೊಡಬೇಡಿ. ಎರಡು ಬೆಳೆ ಹೋದವರಿಗೆ ಮೂರನೇ ಪೆಟ್ಟು ತಡೆದುಕೊಳ್ಳೋದು ಕಷ್ಟ. ಕರಾವಳಿಯ ಸಾಕಣೆದಾರರ ಜೊತೆ ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ಕೈಸುಟ್ಟುಕೊಂಡವರ ಮನೆಗೇ ಇಂಥ ಏಜೆಂಟರು ಹುಡುಕಿಕೊಂಡು ಬರುವುದನ್ನು ಕಣ್ಣಾರೆ ನೋಡಿದ್ದೇನೆ.

ಹಾಗಂತ ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ. ಟರ್ಬಟ್‌ಗೆ ಬೆಲೆ ಇದೆ. ಏಜೆಂಟ್ ಹೇಳಿದ್ದರಲ್ಲೂ ಒಂದು ಚೂರು ನಿಜ ಇದೆ, ‘ಇಂಡಿಯನ್ ಟರ್ಬಟ್’ ಅಂತ ಕರೆಯುವ ಮೀನು ನಮ್ಮ ಸಮುದ್ರದಲ್ಲಿದೆ. ಸಮಸ್ಯೆ ಏನೆಂದರೆ ಮೂರು ಬೇರೆ ಬೇರೆ ಮೀನುಗಳನ್ನು ಒಂದೇ ಚೀಲಕ್ಕೆ ಹಾಕಿ ನಿಮಗೆ ತೋರಿಸಿದ್ದಾರೆ. ಒಂದರ ಬೆಲೆ, ಇನ್ನೊಂದರ ಹೆಸರು, ಮತ್ತೊಂದರ ನೀರು.

ನಿಜವಾದ ಟರ್ಬಟ್ ಯುರೋಪಿನ ಮೀನು. ವಿಜ್ಞಾನದ ಹೆಸರು ಸ್ಕಾಫ್ತಾಲ್ಮಸ್ ಮ್ಯಾಕ್ಸಿಮಸ್. ನಾರ್ವೆಯಿಂದ ಮೊರಾಕ್ಕೋವರೆಗಿನ ಅಟ್ಲಾಂಟಿಕ್ ದಡ, ಬಾಲ್ಟಿಕ್, ಮೆಡಿಟರೇನಿಯನ್, ಕಪ್ಪು ಸಮುದ್ರ, ಇಷ್ಟೇ ಅದರ ಊರು. ಮೈ ಹೆಚ್ಚುಕಡಿಮೆ ದುಂಡಗೆ, ದೊಡ್ಡ ತಟ್ಟೆಯ ಹಾಗೆ. ಹುರುಪೆ ಇಲ್ಲ. ಅದರ ಬದಲು ಮೇಲ್ಮೈಯಲ್ಲಿ ಮೂಳೆಯ ಗಂಟುಗಳು. ಕೈಯಾಡಿಸಿದರೆ ಮೊಳೆ ಹೊಡೆದ ಹಲಗೆ ಮುಟ್ಟಿದ ಹಾಗೆ. ಟರ್ಬಟ್ ಅನ್ನೋ ಹೆಸರು ಬಂದದ್ದೂ ಹಳೆಯ ಸ್ವೀಡಿಷ್ ಭಾಷೆಯ ‘ಮುಳ್ಳಿನ ಚಪ್ಪಟೆ ಮೀನು’ ಎಂಬ ಮಾತಿನಿಂದ ಎನ್ನುತ್ತಾರೆ. ಟರ್ಕಿಯವರು ಇದಕ್ಕೆ ಕಲ್ಕನ್ ಅನ್ನುತ್ತಾರೆ, ಅಂದರೆ ಗುರಾಣಿ. ಒಂದು ಮೀಟರ್ ಉದ್ದ, 25 ಕೆಜಿ ತೂಕದವರೆಗೂ ಬೆಳೆದದ್ದಿದೆ. ಹೆಣ್ಣು ಬೇಗ ಬೆಳೆಯುತ್ತದೆ, ದೊಡ್ಡದಾಗುತ್ತದೆ. ಗಂಡು ಚಿಕ್ಕದರಲ್ಲೇ ನಿಂತುಬಿಡುತ್ತದೆ.

ಎರಡನೆಯದು ಏಜೆಂಟ್ ಹೇಳುವ ‘ಇಂಡಿಯನ್ ಟರ್ಬಟ್’. ಇದನ್ನೇ ಕೆಲವರು ಇಂಡಿಯನ್ ಹ್ಯಾಲಿಬಟ್ ಎನ್ನುತ್ತಾರೆ. ವಿಜ್ಞಾನದಲ್ಲಿ ಸೆಟ್ಟೋಡೆಸ್ ಎರುಮೈ. ಈ ‘ಎರುಮೈ’ ತಮಿಳಿನದು, ನಮ್ಮ ಎಮ್ಮೆಯೇ. ತಮಿಳು ಮೀನುಗಾರರು ಈ ಮೀನಿಗೆ ಎಮ್ಮೆ ನಾಲಿಗೆ ಅನ್ನುತ್ತಾರೆ. ಇದು ಟರ್ಬಟ್‌ನ ಕುಟುಂಬವೇ ಅಲ್ಲ. ಚಪ್ಪಟೆ ಮೀನುಗಳ ವಂಶದಲ್ಲಿ ತೀರಾ ಹಳೆಯ ಕವಲು. ತಿರುಗಿದ ಕಣ್ಣು ಇನ್ನೂ ತಲೆಯ ಅಂಚಿನಲ್ಲೇ ಕೂತಿರುತ್ತದೆ, ಪೂರ್ತಿ ದಾಟಿರುವುದಿಲ್ಲ. ಕೆಲವಕ್ಕೆ ಕಣ್ಣು ಎಡಗಡೆ, ಕೆಲವಕ್ಕೆ ಬಲಗಡೆ. ಬಾಯಿ ದೊಡ್ಡದು, ಹಲ್ಲು ಚೂಪು. ರುಚಿ ಚೆನ್ನಾಗಿದೆ, ನಾನೇ ತಿಂದಿದ್ದೇನೆ. ಆದರೆ ಇದು ಬಲೆಗೆ ಬೀಳುವ ಮೀನು, ಕೆರೆಯಲ್ಲಿ ಸಾಕುವ ಮೀನಲ್ಲ. ನನ್ನ ಕೆಲಸದ ಇಷ್ಟೂ ವರ್ಷಗಳಲ್ಲಿ ಹ್ಯಾಚರಿಯಲ್ಲಿ, ಅಂದರೆ ಮರಿ ಹುಟ್ಟಿಸುವ ಕೇಂದ್ರದಲ್ಲಿ, ಹುಟ್ಟಿದ ಇದರ ಒಂದೇ ಒಂದು ಮರಿಯನ್ನೂ ಸಾಕಣೆದಾರರ ಕೈಯಲ್ಲಿ ನೋಡಿಲ್ಲ. ಹಾಗಾದರೆ ಏಜೆಂಟ್ ತರುವ ಮರಿ ಎಲ್ಲಿಂದ? ಸಮುದ್ರದಿಂದ ಹಿಡಿದು ತಂದದ್ದಿರಬೇಕು, ಇಲ್ಲವೇ ಬೇರೆ ಯಾವುದೋ ಮೀನಿರಬೇಕು.

ಮೂರನೆಯದು ನಮ್ಮ ನಂಗ್. ಕೊಂಕಣಿಯವರ ಲೇಪೊ. ಮಳೆಗಾಲ ಮುಗಿದು ಬೋಟುಗಳು ಮತ್ತೆ ಇಳಿದ ಮೇಲೆ ಮಲ್ಪೆ, ಗಂಗೊಳ್ಳಿ ಬಂದರುಗಳಲ್ಲಿ ಬುಟ್ಟಿ ಬುಟ್ಟಿ ಬರುತ್ತದಲ್ಲ, ಅದು. ಅದರ ಹೆಸರು ಸೈನೋಗ್ಲಾಸಸ್ ಮ್ಯಾಕ್ರೋಸ್ಟೋಮಸ್. ಸೈನೋಗ್ಲಾಸಸ್ ಅಂದರೆ ಗ್ರೀಕಿನಲ್ಲಿ ನಾಯಿ ನಾಲಿಗೆ. ಮಲಬಾರ್ ಸೋಲ್ ಅನ್ನೋದೂ ಇದಕ್ಕೇ. ಗೇಣುದ್ದಕ್ಕಿಂತ ಜಾಸ್ತಿ ಬೆಳೆಯುವುದು ಅಪರೂಪ. ಕೆಸರಿನ ತಳದಲ್ಲಿ ಹುಳ ಹುಪ್ಪಟೆ ತಿಂದುಕೊಂಡು, ಎರಡು ಮೂರು ವರ್ಷದ ಆಯುಸ್ಸು ಮುಗಿಸುತ್ತದೆ. ಟರ್ಬಟ್ ಹಾಗಲ್ಲ, ಅದು ಬೇಟೆಗಾರ ಮೀನು. ಮರಳಿನಲ್ಲಿ ಅಡಗಿ ಕೂತು, ಮೇಲೆ ಈಜಿಕೊಂಡು ಹೋಗುವ ಸಣ್ಣ ಮೀನನ್ನು ಒಂದೇ ಜಿಗಿತಕ್ಕೆ ನುಂಗುತ್ತದೆ. ಇಬ್ಬರೂ ‘ಚಪ್ಪಟೆ ಮೀನು’ ಅನ್ನೋ ದೊಡ್ಡ ಗುಂಪಿಗೆ ಸೇರಿದವರು ಹೌದು. ಜಗತ್ತಿನಲ್ಲಿ ಆ ಗುಂಪಿನಲ್ಲಿ ಸುಮಾರು 800 ಜಾತಿಗಳಿವೆ. ನಂಗ್ ಮತ್ತು ಟರ್ಬಟ್ ಒಂದೇ ಜಾತಿ ಅನ್ನೋದು ಬೆಕ್ಕು ಮತ್ತು ಕರಡಿ ಒಂದೇ ಜಾತಿ ಅಂದಷ್ಟೇ ಸರಿ.

ಹೆಸರಿನ ಈ ಗೊಂದಲ ನಮ್ಮಲ್ಲಿ ಮಾತ್ರ ಇರೋದಲ್ಲ. 1995ರ ಮಾರ್ಚ್‌ನಲ್ಲಿ ಕೆನಡಾದ ಗಸ್ತು ಹಡಗುಗಳು ಸ್ಪೇನಿನ ‘ಎಸ್ತಾಯ್’ ಎಂಬ ಮೀನುಗಾರಿಕೆ ಹಡಗನ್ನು ಬೆನ್ನಟ್ಟಿ, ಎಚ್ಚರಿಕೆಯ ಗುಂಡು ಹಾರಿಸಿ ಹಿಡಿದುಹಾಕಿದವು. ಎರಡು ದೇಶಗಳ ನಡುವೆ ದೊಡ್ಡ ಜಟಾಪಟಿಯೇ ಆಯಿತು. ಪತ್ರಿಕೆಗಳು ಅದನ್ನು ಟರ್ಬಟ್ ಯುದ್ಧ ಎಂದೇ ಕರೆದವು. ಆದರೆ ಆ ಹಡಗಿನಲ್ಲಿದ್ದದ್ದು ಟರ್ಬಟ್ ಅಲ್ಲ, ಗ್ರೀನ್‌ಲ್ಯಾಂಡ್ ಹ್ಯಾಲಿಬಟ್. ಕೆನಡಾದವರು ಅದನ್ನೇ ಟರ್ಬಟ್ ಎಂದು ಕರೆಯುತ್ತಾರೆ. ಮೀನು ವ್ಯಾಪಾರದಲ್ಲಿ ಬರೀ ಹೆಸರು ನೋಡಿ ಬೆಲೆ ಲೆಕ್ಕ ಹಾಕಬಾರದು ಅಂತ ನಾನು ವಿದ್ಯಾರ್ಥಿಗಳಿಗೆ ಹೇಳುವಾಗ ಈ ಕಥೆಯನ್ನೇ ಹೇಳುತ್ತಿದ್ದೆ. ನಮ್ಮ ಊರಿನ ಹೋಟೆಲುಗಳಲ್ಲೂ ಸೋಲ್ ಫಿಲೆಟ್ ಅಂತ ಬರೆದು ಬಡಿಸಿದ ಬಾಸಾ ಎಂಬ ಬೇರೆಯೇ ಮೀನು ಎಷ್ಟೋ ಸಲ ನನ್ನ ತಟ್ಟೆಗೇ ಬಂದಿದೆ.

ಈಗ ನಿಮ್ಮ ಮನೆಯವರ ಭಯದ ಮಾತು. ಕಣ್ಣು ತಿರುಗೋದು ಹೊಲಸು ನೀರಿನಿಂದ ಅಲ್ಲ, ಅಂಗವೈಕಲ್ಯವೂ ಅಲ್ಲ. ಅವರು ಘಟ್ಟದ ಮೇಲೆ ಕಾಟ್ಲಾ, ರೋಹು ನೋಡಿ ಬೆಳೆದವರು, ಹಾಗಾಗಿ ಆ ಮುಖ ನೋಡಿ ಹೆದರಿದ್ದರಲ್ಲಿ ತಪ್ಪಿಲ್ಲ. ಆದರೆ ಇದು ನನ್ನ ಪ್ರಕಾರ ಮೀನುಲೋಕದ ಅತ್ಯಂತ ಚೆಂದದ ಸಂಗತಿ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಟರ್ಬಟ್ ಸಾಕಣೆ ಯಾಕೆ ಕಷ್ಟ ಅನ್ನೋದಕ್ಕೂ ಇದಕ್ಕೂ ಸಂಬಂಧ ಇದೆ.

ದೊಡ್ಡ ಹೆಣ್ಣು ಟರ್ಬಟ್ ಒಂದು ಋತುವಿನಲ್ಲಿ ಲಕ್ಷಗಟ್ಟಲೆ ಅಲ್ಲ, ದಶಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಒಂದೊಂದು ಮೊಟ್ಟೆಯೂ ಒಂದು ಮಿಲಿಮೀಟರ್ ಆಸುಪಾಸು. ಒಳಗೆ ಒಂದು ಎಣ್ಣೆ ಹನಿ ಇರುವುದರಿಂದ ತೇಲುತ್ತದೆ. ಒಂದು ವಾರದೊಳಗೆ ಒಡೆದು ಮರಿ ಹೊರಬರುತ್ತದೆ. ಆ ಮರಿ ಎಲ್ಲ ಮೀನಿನ ಮರಿಗಳ ಹಾಗೇ ಇರುತ್ತದೆ. ನೆಟ್ಟಗೆ ಈಜುತ್ತದೆ. ತಲೆಯ ಎರಡೂ ಪಕ್ಕದಲ್ಲಿ ಒಂದೊಂದು ಕಣ್ಣು. ಕೆಲವು ವಾರ ಕಳೆದ ಮೇಲೆ ಮೈಯೊಳಗೆ ಥೈರಾಯ್ಡ್ ಹಾರ್ಮೋನ್ ಏರುತ್ತದೆ. ಆಗ ಬಲಗಣ್ಣು ನಿಧಾನವಾಗಿ ನೆತ್ತಿ ಹತ್ತಿ ಎಡಗಡೆಗೆ ಸಾಗುತ್ತದೆ. ತಲೆಬುರುಡೆಯೇ ತಿರುಚಿಕೊಳ್ಳುತ್ತದೆ. ಮರಿ ವಾಲಿಕೊಂಡು ಈಜಲು ಶುರುಮಾಡುತ್ತದೆ. ಕೊನೆಗೆ ತಳಕ್ಕಿಳಿದು ಬಲಮಗ್ಗುಲಾಗಿ ಮಲಗುತ್ತದೆ.  ಮೇಲಿನ ಮೈಗೆ ಬಣ್ಣ ಬರುತ್ತದೆ, ಕೆಳಗಿನ ಮೈ ಬೆಳ್ಳಗೆ ಉಳಿಯುತ್ತದೆ. ಮರಿಯಾಗಿದ್ದಾಗ ಇದ್ದ ಗಾಳಿಚೀಲವೂ ಹೋಗಿಬಿಡುತ್ತದೆ, ತಳದಲ್ಲಿ ಮಲಗುವವರಿಗೆ ಅದು ಯಾಕೆ?

1985ರಲ್ಲಿ ಜಪಾನಿನ ವಿಜ್ಞಾನಿಗಳು ಅಲ್ಲಿಯ ಚಪ್ಪಟೆ ಮೀನಿನ ಮರಿಗಳಲ್ಲಿ ಈ ಹಾರ್ಮೋನನ್ನು ಔಷಧಿ ಕೊಟ್ಟು ತಡೆದರು. ಮರಿಗಳು ಬೆಳೆದವು, ಆದರೆ ಕಣ್ಣು ತಿರುಗಲಿಲ್ಲ. ಹಾರ್ಮೋನ್ ಕೊಟ್ಟಾಗ ಬೇಗನೇ ತಿರುಗಿತು. ಗೊದಮೊಟ್ಟೆ ಕಪ್ಪೆಯಾಗುವುದಕ್ಕೂ ಇದೇ ಥೈರಾಯ್ಡ್ ಹಾರ್ಮೋನ್ ಬೇಕು. ನಿಮ್ಮ ಮನೆಯವರಿಗೆ ಹೀಗೆ ಹೇಳಿ ನೋಡಿ: ಗೊದಮೊಟ್ಟೆಗೆ ಕಾಲು ಬರೋದು ರೋಗ ಅಲ್ಲ ಅಲ್ವಾ, ಇದೂ ಹಾಗೇ. ನಿಮ್ಮಲ್ಲೇ ತಿನ್ನುವ ನಂಗಿಗೂ ಹೀಗೇ ಆಗುತ್ತದೆ, ಅದರ ಕಣ್ಣೂ ಎಡಗಡೆಯೇ. ಯುರೋಪಿನ ಪ್ಲೇಸ್ ಮೀನಿಗೆ ಬಲಗಡೆ. ಮಾಂಜಿ ಮಾತ್ರ ಬೇರೆ. ಅದೂ ಚಪ್ಪಟೆಯೇ, ಆದರೆ ನೆಟ್ಟಗೆ ನಿಂತು ಈಜುವ ಮೀನು, ಕಣ್ಣು ಎರಡೂ ಪಕ್ಕದಲ್ಲಿ ಒಂದೊಂದು ಇರುತ್ತದೆ.

ಈ ಕಣ್ಣು ಹೇಗೆ ಹೀಗಾಯಿತು ಅನ್ನೋದು ಡಾರ್ವಿನ್ ಕಾಲದಿಂದಲೂ ದೊಡ್ಡ ಜಗಳ. ಅರ್ಧ ತಿರುಗಿದ ಕಣ್ಣಿನಿಂದ ಮೀನಿಗೆ ಏನು ಲಾಭ ಅಂತ ಆತನ ವಿರೋಧಿಗಳು ಕೇಳುತ್ತಿದ್ದರು. ಉತ್ತರ ಸಿಕ್ಕಿದ್ದು 2008ರಲ್ಲಿ. ಇಟಲಿಯ ಮೊಂಟೆ ಬೋಲ್ಕಾದ ಕಲ್ಲುಗಳಲ್ಲಿ ಸಿಕ್ಕಿದ್ದ ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳನ್ನು ಮ್ಯಾಟ್ ಫ್ರೀಡ್‌ಮನ್ ಎಂಬ ವಿಜ್ಞಾನಿ ಪರೀಕ್ಷಿಸಿದಾಗ, ಪೂರ್ತಿ ಬೆಳೆದ ಮೀನುಗಳಲ್ಲೇ ಕಣ್ಣು ಅರ್ಧ ದಾರಿಯಲ್ಲಿ ನಿಂತಿರುವುದು ಕಂಡಿತು. ಅರ್ಧ ತಿರುಗಿದ ಕಣ್ಣಿನಿಂದಲೂ ಅವು ಬಾಳಿ ಬದುಕಿದ್ದವು.

ಆದರೆ ಹ್ಯಾಚರಿ ನಡೆಸುವವರಿಗೆ ಈ ರೂಪಾಂತರದ ದಿನಗಳೇ ದೊಡ್ಡ ತಲೆನೋವು. ಮರಿಯ ಬಾಯಿ ತೀರಾ ಸಣ್ಣದು, ಒಣ ಆಹಾರ ತಿನ್ನುವುದಿಲ್ಲ. ಮೊದಲು ಕಣ್ಣಿಗೆ ಕಾಣದಷ್ಟು ಚಿಕ್ಕ ರೋಟಿಫರ್ ಎಂಬ ಜೀವಿ, ಆಮೇಲೆ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿ ಕೊಡಬೇಕು. ಚಟ್ಲಿ ಸಾಕಿದ ನಿಮಗೆ ಆರ್ಟೀಮಿಯಾ ಗೊತ್ತೇ ಇರುತ್ತದೆ. ಅದರಲ್ಲಿ ಸರಿಯಾದ ಕೊಬ್ಬಿನಾಂಶ ಇಲ್ಲದಿದ್ದರೆ ಮರಿಗೆ ಬಣ್ಣ ಸರಿಯಾಗಿ ಬರುವುದಿಲ್ಲ. ಮೇಲ್ಮೈಯಲ್ಲಿ ಬಿಳಿ ತೇಪೆ, ಕೆಳಮೈಯಲ್ಲಿ ಕಪ್ಪು ಕಲೆ. ರುಚಿಗೆ ಏನೂ ಆಗುವುದಿಲ್ಲ, ಬೆಲೆ ಮಾತ್ರ ಬೀಳುತ್ತದೆ. ಇಷ್ಟೆಲ್ಲ ಜಾಗ್ರತೆ ಮಾಡಿದರೂ ಹುಟ್ಟಿದ ಐದರಲ್ಲಿ ಒಂದು ಮರಿ ದಕ್ಕಿದರೆ ಒಳ್ಳೆಯ ಹ್ಯಾಚರಿ ಎನ್ನುತ್ತಾರೆ.

ಬೆಲೆ ಯಾಕೆ ಅಷ್ಟು? ಸಮುದ್ರದಲ್ಲಿ ಟರ್ಬಟ್ ಗುಂಪಾಗಿ ಸಿಗುವುದಿಲ್ಲ. ಉತ್ತರ ಸಮುದ್ರದಲ್ಲಿ ಡಚ್ ಬೋಟುಗಳು ಸೋಲ್, ಪ್ಲೇಸ್ ಹಿಡಿಯಲು ಬಲೆ ಎಳೆಯುವಾಗ ಜೊತೆಗೆ ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಮಾಂಸ ಬಿಳಿ, ಗಟ್ಟಿ, ಮುಳ್ಳಿನ ಕಾಟ ಕಡಿಮೆ. ಚರ್ಮದ ಕೆಳಗೆ, ರೆಕ್ಕೆಯ ಬುಡದಲ್ಲಿ ಅಂಟಂಟಾದ ಜಿಲೆಟಿನ್ ಇರುತ್ತದೆ, ಬೇಯಿಸಿದಾಗ ಅದರಿಂದಲೇ ಸಾರು ಮಂದವಾಗುತ್ತದೆ. ಫ್ರಾನ್ಸಿನಲ್ಲಿ ಇದನ್ನು ಇಡಿಯಾಗಿ ಬೇಯಿಸಲು ವಜ್ರದಾಕಾರದ ಪಾತ್ರೆಯನ್ನೇ ಮಾಡಿಟ್ಟಿದ್ದಾರೆ. ಸ್ಪೇನಿನ ಬಾಸ್ಕ್ ನಾಡಿನ ಗೆತಾರಿಯಾ ಊರಿನಲ್ಲಿ ಕೆಂಡದ ಮೇಲೆ ಇಡೀ ಮೀನು ಸುಟ್ಟು ಬಡಿಸುತ್ತಾರೆ. ಅದನ್ನು ತಿನ್ನಲೆಂದೇ ಜನ ದೂರದಿಂದ ಬರುತ್ತಾರೆ. ಇನ್ನೊಂದು ಲೆಕ್ಕವೂ ಇದೆ. ತಲೆ, ಮೂಳೆ, ಚರ್ಮ ಕಳೆದರೆ ಮೀನಿನ ತೂಕದ ಸುಮಾರು ಮೂರನೇ ಒಂದು ಭಾಗ ಮಾತ್ರ ತಿನ್ನುವ ತುಂಡಾಗಿ ಉಳಿಯುತ್ತದೆ. ಹೋಟೆಲಿನ ತಟ್ಟೆಯ ಬೆಲೆ ನೋಡುವಾಗ ಇದನ್ನು ಮರೆಯಬಾರದು. ನಿಮ್ಮ ಭಾವ ಹೇಳಿದ್ದು ತಟ್ಟೆಯ ಬೆಲೆ. ಯುರೋಪಿನ ಸಾಕಣೆದಾರನಿಗೆ ಸಿಗೋದು ಕೆಜಿಗೆ ಸುಮಾರು 10 ಯೂರೋ ಆಚೀಚೆ. ಕಡಲಿನಲ್ಲಿ ಹಿಡಿದ ದೊಡ್ಡ ಮೀನಿಗೆ ಮಾತ್ರ ಅದಕ್ಕಿಂತ ಎಷ್ಟೋ ಜಾಸ್ತಿ.

ಸಾಕಣೆ ಶುರುವಾದದ್ದು 1970ರ ದಶಕದಲ್ಲಿ, ಸ್ಕಾಟ್ಲೆಂಡಿನಲ್ಲಿ. ಆಮೇಲೆ ಫ್ರಾನ್ಸ್, ಸ್ಪೇನ್. ಇವತ್ತು ಯುರೋಪಿನ ಸಾಕಿದ ಟರ್ಬಟ್‌ನ ದೊಡ್ಡ ಪಾಲು ಸ್ಪೇನಿನ ಗಲೀಸಿಯಾದ್ದು. ಅಲ್ಲಿಯ ಒಂದು ಸಾಕಣೆ ಕೇಂದ್ರವನ್ನು ನಾನು ನೋಡಿ ಬಂದಿದ್ದೇನೆ. ಕಡಲ ದಡದಲ್ಲಿ ಮಂದ ಬೆಳಕಿನ ದೊಡ್ಡ ಕಟ್ಟಡಗಳು, ಒಳಗೆ ದುಂಡನೆಯ ಸಿಮೆಂಟ್ ತೊಟ್ಟಿಗಳು. ನೀರು ಒಂದೇ ಸಮನೆ ಬಂದು ಹೋಗುತ್ತಿರುತ್ತದೆ. ಮೀನುಗಳು ಮದುವೆ ಮನೆಯಲ್ಲಿ ತಟ್ಟೆ ಜೋಡಿಸಿಟ್ಟ ಹಾಗೆ ಒಂದರ ಮೇಲೊಂದು ಮಲಗಿರುತ್ತವೆ. ಅದಕ್ಕೇ ಅಲ್ಲಿ ಎಷ್ಟು ಮೀನು ಬಿಡಬಹುದು ಅನ್ನುವುದನ್ನು ನೀರಿನ ಆಳದಿಂದ ಲೆಕ್ಕ ಹಾಕುವುದಿಲ್ಲ, ನೆಲದ ಚದರ ಮೀಟರಿನಿಂದ ಹಾಕುತ್ತಾರೆ. ಮರಿ ಬಿಟ್ಟು ಒಂದೂವರೆ, ಎರಡು ವರ್ಷಕ್ಕೆ ಒಂದೂವರೆಯಿಂದ ಎರಡು ಕೆಜಿ ತೂಗುತ್ತದೆ.

ಅಲ್ಲಿ ನಿಂತಾಗ ನನಗೆ ಅರ್ಥವಾದದ್ದು ಒಂದೇ. ಅವರ ಬಂಡವಾಳ ಕಟ್ಟಡ ಅಲ್ಲ, ತೊಟ್ಟಿ ಅಲ್ಲ. ಅವರ ಬಂಡವಾಳ ಆ ಸಮುದ್ರದ ತಂಪು. ಗಲೀಸಿಯಾದ ದಡದಲ್ಲಿ ಆಳದ ತಣ್ಣೀರು ಮೇಲೆ ಎದ್ದು ಬರುತ್ತದೆ. ಟರ್ಬಟ್ ಚೆನ್ನಾಗಿ ಬೆಳೆಯುವುದು 14ರಿಂದ 18 ಡಿಗ್ರಿಯಲ್ಲಿ. 23 ದಾಟಿದರೆ ಮೇವು ಬಿಡುತ್ತದೆ. 28ರ ಮೇಲೆ ಬದುಕುವುದೇ ಕಷ್ಟ. ನಿಮ್ಮ ಕೆರೆಗೆ ಏಪ್ರಿಲ್ ಮಧ್ಯಾಹ್ನ ಥರ್ಮಾಮೀಟರ್ ಇಳಿಸಿ ನೋಡಿ. 32, 33 ತೋರಿಸಿದರೆ ಆಶ್ಚರ್ಯ ಇಲ್ಲ. ಚಟ್ಲಿಗೆ ಅದು ನಡೆಯುತ್ತದೆ. ಟರ್ಬಟ್‌ಗೆ ಅದು ಬಿಸಿನೀರ ಹಂಡೆ.

‘ಚೀನಾದವರು ಸಾಕುತ್ತಿಲ್ಲವಾ?’ ಎಂದು ಏಜೆಂಟ್ ಕೇಳಬಹುದು. ಸಾಕುತ್ತಾರೆ, ಜಗತ್ತಿನಲ್ಲೇ ಅತಿ ಹೆಚ್ಚು ಟರ್ಬಟ್ ಸಾಕುವವರು ಅವರೇ. ಲೇ ಜಿಲಿನ್ ಎಂಬ ವಿಜ್ಞಾನಿ 1992ರಲ್ಲಿ ಬ್ರಿಟನ್ನಿನಿಂದ ಮರಿ ತರಿಸಿದರು. ಶಾಂಡೊಂಗ್ ದಡದಲ್ಲಿ ಹಸಿರುಮನೆಯಂಥ ಶೆಡ್ಡು ಕಟ್ಟಿ, ಬೋರ್ ಕೊರೆದು, ನೆಲದೊಳಗಿನ ಉಪ್ಪುನೀರನ್ನು ತೊಟ್ಟಿಗೆ ಹರಿಸುವ ಸುಲಭದ ದಾರಿ ಕಂಡುಕೊಂಡರು. ಇದನ್ನು ಕೇಳಿ ನಮ್ಮಲ್ಲೂ ಒಬ್ಬರು ಬೋರ್ ಕೊರೆಸುವ ಯೋಚನೆಯಲ್ಲಿದ್ದರು. ನಾನು ತಡೆದೆ. ಯಾಕೆಂದರೆ ನೆಲದೊಳಗಿನ ನೀರಿನ ಶಾಖ ಸುಮಾರಾಗಿ ಆ ಊರಿನ ವರ್ಷದ ಸರಾಸರಿ ಶಾಖದಷ್ಟೇ ಇರುತ್ತದೆ. ಶಾಂಡೊಂಗ್‌ನಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ, ಹಾಗಾಗಿ ಬೋರ್ ನೀರು ತಣ್ಣಗೆ. ನಮ್ಮಲ್ಲಿ ಎಷ್ಟು ಆಳಕ್ಕೆ ಕೊರೆದರೂ 27 ಡಿಗ್ರಿ ಆಸುಪಾಸಿನ ನೀರೇ ಬರೋದು. ಚಳಿಗಾಲದ ಬೆಳಿಗ್ಗೆ ಬಾವಿ ನೀರು ಬೆಚ್ಚಗೆ ಹತ್ತುತ್ತದಲ್ಲ, ಅದಕ್ಕೂ ಇದೇ ಕಾರಣ.

ಚಿಲ್ಲರ್ ಹಾಕಿ ತಂಪು ಮಾಡಿದರೆ? ಸಾವಿರ ಲೀಟರ್ ನೀರನ್ನು 28ರಿಂದ 18 ಡಿಗ್ರಿಗೆ ಇಳಿಸಲು ಒಳ್ಳೆಯ ಚಿಲ್ಲರ್‌ಗೂ ಸುಮಾರು 3 ಯೂನಿಟ್ ಕರೆಂಟ್ ಬೇಕು. ನಿಮ್ಮ ಒಂದೂವರೆ ಎಕರೆ ಕೆರೆಯಲ್ಲಿ ಒಂದು ಮೀಟರ್ ನೀರು ಇದ್ದರೆ 60 ಲಕ್ಷ ಲೀಟರ್. ಅಂದರೆ ಒಂದೇ ಸಲ ತಂಪು ಮಾಡಲು 18,000 ಯೂನಿಟ್. ಮರುದಿನದ ಬಿಸಿಲಿಗೆ ಅದು ಮತ್ತೆ ಕಾಯುತ್ತದೆ. ಕೆರೆ ಬಿಟ್ಟು, ಮುಚ್ಚಿದ ಶೆಡ್ಡಿನಲ್ಲಿ ಅದೇ ನೀರನ್ನು ಶುದ್ಧ ಮಾಡಿ ಮತ್ತೆ ಮತ್ತೆ ಬಳಸುವ ವ್ಯವಸ್ಥೆ ಕಟ್ಟಬಹುದು. ಆದರೆ ಅದು ಕೋಟಿಗಳ ಮಾತು, ಜನರೇಟರೂ ಬೇಕು. ಕರೆಂಟ್ ಹೋಗಿ ಕೆಲವು ಗಂಟೆ ಕಳೆದರೆ ಎರಡು ವರ್ಷದ ಮೀನು ಒಂದೇ ರಾತ್ರಿಗೆ ಹೋಗುತ್ತದೆ. ಸಾಲ ಇರುವವರಿಗೆ ಈ ದಾರಿಯನ್ನು ನಾನು ತೋರಿಸಲಾರೆ.

ಕಾನೂನಿನ ಮಾತೂ ಇದೆ. ಹೊರದೇಶದ ಜೀವಂತ ಮೀನನ್ನು ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ತಂದು ಸಾಕುವಂತಿಲ್ಲ. ನೀವು ಸಾಕುತ್ತಿದ್ದದ್ದು ವನಾಮಿ ಚಟ್ಲಿಯಾದರೆ, ಅದೂ ಹೊರದೇಶದ್ದೇ, ಅದಕ್ಕೂ 2009ರಲ್ಲಿ ಒಪ್ಪಿಗೆ ಸಿಕ್ಕ ಮೇಲೆಯೇ ವ್ಯಾಪಕವಾಗಿ ಸಾಕಣೆ ಶುರುವಾದದ್ದು. ನಿಮ್ಮ ಕೆರೆ ಕರಾವಳಿ ಜಲಕೃಷಿ ಪ್ರಾಧಿಕಾರದಲ್ಲಿ ನೋಂದಣಿ ಆಗಿದ್ದರೆ, ಒಪ್ಪಿಗೆ ಇಲ್ಲದ ಮೀನು ಬಿಟ್ಟು ಆ ನೋಂದಣಿಯನ್ನೇ ಕಳೆದುಕೊಳ್ಳುವ ಅಪಾಯ ಇದೆ.

ಔಷಧಿಯ ವಿಷಯ ಕೇಳಿದಿರಿ. ಆ ಮಾತಿಗೆ ಒಂದು ಬುಡ ಇದೆ. 2006ರ ನವೆಂಬರ್‌ನಲ್ಲಿ ಶಾಂಘೈ ಮಾರುಕಟ್ಟೆಯ ಟರ್ಬಟ್‌ನಲ್ಲಿ ನಿಷೇಧಿತ ನೈಟ್ರೋಫ್ಯೂರಾನ್ ಎಂಬ ಆ್ಯಂಟಿಬಯೋಟಿಕ್ ಔಷಧಿಯ ಉಳಿಕೆ ಸಿಕ್ಕಿತು. ಕೆಲವೇ ದಿನಗಳಲ್ಲಿ ಚೀನಾದುದ್ದಕ್ಕೂ ಅದನ್ನು ಕೊಳ್ಳುವವರು ಇಲ್ಲವಾದರು. ತಪ್ಪು ಮಾಡದ ಸಾಕಣೆದಾರರೂ ಮುಳುಗಿದರು. ಈ ನೈಟ್ರೋಫ್ಯೂರಾನ್ ಹೆಸರು ನಿಮಗೆ ಹೊಸದಲ್ಲ, ನಮ್ಮ ಚಟ್ಲಿಯೂ ಇದೇ ಕಾರಣಕ್ಕೆ ಯುರೋಪಿನಿಂದ ವಾಪಸ್ ಬಂದದ್ದಿದೆ. ಹಾಗಂತ ಸಾಕಿದ ಟರ್ಬಟ್ ಎಲ್ಲವೂ ವಿಷ ಅನ್ನೋದು ತಪ್ಪು. ಯುರೋಪಿನಲ್ಲಿ ಲಸಿಕೆ ಹಾಕುತ್ತಾರೆ, ಔಷಧಿ ಕೊಟ್ಟರೆ ಇಷ್ಟು ದಿನ ಮಾರುವಂತಿಲ್ಲ ಅನ್ನುವ ನಿಯಮ ಇದೆ. ಮೀನು ಒತ್ತೊತ್ತಾಗಿ ಇದ್ದು ನೀರು ಸರಿ ಇಲ್ಲದ ಕಡೆ ರೋಗ ಬರುತ್ತದೆ, ರೋಗ ಬಂದ ಕಡೆ ಔಷಧಿಯ ಆಸೆ ಹುಟ್ಟುತ್ತದೆ. ಮೀನು ಯಾವುದೇ ಇರಲಿ, ಇದು ಹೀಗೇ.

ಈಗ ನಿಮ್ಮ ಕೆರೆಗೆ ಬರೋಣ. ಅದೇ ಮುಖ್ಯ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಸೀಬಾಸ್ ಕಡೆ ನೋಡುತ್ತಿದ್ದೆ. ಸಿಹಿನೀರಿನಿಂದ ಸಮುದ್ರದ ಉಪ್ಪಿನವರೆಗೆ ಎಲ್ಲವನ್ನೂ ತಾಳುವ ಮೀನು. ಮಳೆಗಾಲದಲ್ಲಿ ನಿಮ್ಮ ಹೊಳೆ ಪೂರ್ತಿ ಸಿಹಿಯಾದರೂ ಚಿಂತೆ ಇಲ್ಲ. ಉಪ್ಪುಮಿಶ್ರಿತ ನೀರಿನ ಸಾಕಣೆಯ ಸಂಶೋಧನೆ ಮಾಡುವ ಚೆನ್ನೈನ ಸಿಬಾ ಸಂಸ್ಥೆ 1997ರಲ್ಲೇ ಇದರ ಮರಿ ಉತ್ಪಾದನೆ ಸಾಧಿಸಿದೆ, ಹಾಗಾಗಿ ಹ್ಯಾಚರಿ ಮರಿ ಬಿಲ್ ಸಮೇತ ಸಿಗುತ್ತದೆ. ಉಪ್ಪುಂದದ ಕಡೆ ಹೊಳೆಯಲ್ಲಿ ಪಂಜರ ಕಟ್ಟಿ ಇದನ್ನು ಸಾಕುವವರಿದ್ದಾರೆ, ನಿಮಗೆ ಹತ್ತಿರವೇ. ಒಮ್ಮೆ ಹೋಗಿ ಮಾತಾಡಿ ಬನ್ನಿ. ಆದರೆ ಅಪಾಯ ಇಲ್ಲವೇ? ಇದೆ. ಸೀಬಾಸ್ ಮರಿ ತನ್ನ ಅಣ್ಣತಮ್ಮಂದಿರನ್ನೇ ತಿನ್ನುತ್ತದೆ. ಮೊದಲ ಎರಡು ಮೂರು ತಿಂಗಳು ವಾರಕ್ಕೊಮ್ಮೆ ದೊಡ್ಡದು ಚಿಕ್ಕದು ಬೇರೆ ಮಾಡಲೇಬೇಕು. ಒಂದು ಸಲ ಸೋಮಾರಿತನ ಮಾಡಿದರೆ ಅರ್ಧ ಮರಿ ಮಾಯ. ಮೇವಿನ ಖರ್ಚೂ ಜಾಸ್ತಿ. ಹಸಿ ಮೀನು ಹಾಕಿ ಉಳಿಸುತ್ತೇನೆ ಅಂದರೆ ನೀರು ಕೆಡುತ್ತದೆ.

ದುಡ್ಡು ಹೂಡುವ ಶಕ್ತಿ ಸದ್ಯ ಇಲ್ಲ ಅಂದರೆ ಪಚ್ಚಿಲೆ, ಅಂದರೆ ತಿನ್ನುವ ಹಸಿರು ಚಿಪ್ಪು, ಇದೆ. ಹೊಳೆ ಬಾಯಿಯಲ್ಲಿ ಹಗ್ಗಕ್ಕೆ ಮರಿ ಕಟ್ಟಿ ಇಳಿಬಿಟ್ಟರೆ ಸಾಕು, ಮೇವೇ ಬೇಡ, ನೀರಿನಲ್ಲಿರುವುದನ್ನೇ ಸೋಸಿ ತಿನ್ನುತ್ತದೆ. ಮಳೆ ನಿಂತು ನೀರು ಉಪ್ಪಾದ ಮೇಲೆ ಕಟ್ಟಿ, ಜೂನ್ ಮಳೆಗೆ ಮೊದಲು ಕೀಳಲೇಬೇಕು. ಸಿಹಿನೀರು ನುಗ್ಗಿದರೆ ಎಲ್ಲ ಸಾಯುತ್ತದೆ. ಲಾಭ ಸಣ್ಣದು, ನಷ್ಟವೂ ಸಣ್ಣದು. ಮನೆಯವರೆಲ್ಲ ಕೈಜೋಡಿಸುವ ಕೆಲಸ. ಕೊಯ್ಲಿನ ಮೇಲೆ ಶುದ್ಧ ಉಪ್ಪುನೀರಿನಲ್ಲಿ ಒಂದು ದಿನ ಇಟ್ಟು ಮಾರಿದರೆ ಮರಳು, ಕೆಸರು ಬಿಡುತ್ತದೆ, ಹೋಟೆಲಿನವರು ಮತ್ತೆ ಕೇಳಿ ಬರುತ್ತಾರೆ.

ಚಟ್ಲಿಯನ್ನೇ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಬಿಳಿ ಚುಕ್ಕೆ ಎರಡು ಸಲ ಬಂದ ಕೆರೆಗೆ ಮೂರನೇ ಸಲ ತಕ್ಷಣ ಮರಿ ಬಿಡಬೇಡಿ. ಆ ವೈರಸ್ ಏಡಿಗಳಲ್ಲಿ ಉಳಿದುಕೊಳ್ಳುತ್ತದೆ. ನೀರು ಪೂರ್ತಿ ತೆಗೆದು, ತಳದ ಕಪ್ಪು ಕೆಸರು ಎತ್ತಿ, ಮಣ್ಣು ಬಿರುಕು ಬಿಡುವವರೆಗೆ ಒಣಗಿಸಿ. ಸುಣ್ಣ ಹಾಕಿ. ಸುತ್ತ ಏಡಿ ಬೇಲಿ ಕಟ್ಟಿ. ಆಮೇಲೆ ಪಿಸಿಆರ್ ಪರೀಕ್ಷೆ ಆದ ಮರಿ ಮಾತ್ರ. ಅಕ್ಕಪಕ್ಕದ ಕೆರೆಯವರು ರೋಗದ ನೀರನ್ನು ಹೊಳೆಗೆ ಬಿಟ್ಟರೆ ನಿಮ್ಮದೆಲ್ಲ ವ್ಯರ್ಥ, ಹಾಗಾಗಿ ಅವರ ಜೊತೆ ಕೂತು ಮಾತಾಡುವುದೂ ಈ ಕೆಲಸದ್ದೇ ಒಂದು ಭಾಗ.

ನಂಗ್ ಸಾಕಬಹುದಾ ಅಂತ ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಬಂದಿರಬಹುದು. ಬೇಡ. ಸಣ್ಣ ಮೀನು, ಬಲೆಯಲ್ಲಿ ಬುಟ್ಟಿಗಟ್ಟಲೆ ಸಿಗುವಾಗ ಮೇವು ಹಾಕಿ ಸಾಕಿದರೆ ಅಸಲೂ ಬರುವುದಿಲ್ಲ. ಆದರೆ ನಿಮ್ಮ ನೆಂಟರಿಷ್ಟರಲ್ಲಿ ಬೋಟಿನವರಿದ್ದರೆ ಒಂದು ಮಾತು ಹೇಳಿ. ಟರ್ಬಟ್‌ನ ಬೆಲೆಯಲ್ಲಿ ಒಂದು ಪಾಲು ಅದನ್ನು ನೋಡಿಕೊಳ್ಳುವ ರೀತಿಯಿಂದ ಬಂದದ್ದು. ಹಿಡಿದ ಕೂಡಲೇ ರಕ್ತ ಬಿಟ್ಟು, ಐಸಿನಲ್ಲಿ ಇಟ್ಟು, ಗಾತ್ರದ ಪ್ರಕಾರ ಬೇರೆ ಮಾಡಿ ಹರಾಜಿಗೆ ತರುತ್ತಾರೆ. ನಮ್ಮಲ್ಲಿ ನಂಗನ್ನು ಬೋಟಿನ ಮೂಲೆಗೆ ರಾಶಿ ಹಾಕುತ್ತೇವೆ. ದಡಕ್ಕೆ ಬರುವಷ್ಟರಲ್ಲಿ ಅರ್ಧ ಮೀನು ಒಣಗಿಸಲು, ಇಲ್ಲವೇ ಮೀನು ಹುಡಿಗೆ ಮಾತ್ರ ಲಾಯಕ್ಕಾಗಿರುತ್ತದೆ. ದೊಡ್ಡ ನಂಗನ್ನು ಬೇರೆ ಮಾಡಿ ಐಸಿನಲ್ಲಿ ತಂದರೆ, ಚರ್ಮ ಸುಲಿದು ಕೊಟ್ಟರೆ, ಅದೇ ಮೀನಿಗೆ ಬೇರೆಯೇ ಬೆಲೆ ಸಿಗುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಏಜೆಂಟ್ ಮತ್ತೆ ಬಂದರೆ ಜಗಳ ಬೇಡ. ಯಾವ ಹ್ಯಾಚರಿಯ ಮರಿ, ಅದರ ನೋಂದಣಿ ಪತ್ರ ಎಲ್ಲಿ, ಮರಿಯ ವಿಜ್ಞಾನದ ಹೆಸರೇನು, ಇದನ್ನು ಬರೆದುಕೊಡಲು ಹೇಳಿ. ಮರಿಯನ್ನೇ ತೋರಿಸಿದರೆ ಬೆನ್ನಿನ ರೆಕ್ಕೆ ಎಲ್ಲಿಂದ ಶುರುವಾಗುತ್ತದೆ ನೋಡಿ. ಟರ್ಬಟ್‌ಗೆ ಅದು ಕಣ್ಣಿಗಿಂತ ಮುಂದೆ, ಮೂತಿಯ ಹತ್ತಿರದಿಂದಲೇ ಶುರು. ಎಮ್ಮೆ ನಾಲಿಗೆಗೆ ಕಣ್ಣು ದಾಟಿ ಹಿಂದಿನಿಂದ. ಒಂದು ಫೋಟೋ ತೆಗೆದು ನನಗೆ ಕಳಿಸಿ.

ಅದರ ಜೊತೆಗೆ ಇನ್ನೊಂದು ಕೆಲಸ. ಇವತ್ತಿನಿಂದಲೇ ವಾರಕ್ಕೆರಡು ಸಲ, ಭರತದ ಹೊತ್ತಿಗೆ ಒಮ್ಮೆ, ಇಳಿತದ ಹೊತ್ತಿಗೆ ಒಮ್ಮೆ, ಹೊಳೆ ನೀರಿನ ಉಪ್ಪು ಮತ್ತು ಶಾಖ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರು ತಿಂಗಳ ಲೆಕ್ಕ ಸಿಕ್ಕ ಮೇಲೆ ಸೀಬಾಸೋ ಪಚ್ಚಿಲೆಯೋ ಅಂತ ಕೂತು ನೋಡೋಣ. ಅಲ್ಲಿಯವರೆಗೆ ಕೆರೆ ಒಣಗಲಿ.